ವಯಸ್ಕರ ವಿದ್ಯೆಯೂ ಜೀವನೋಪಾಯವೂ

ಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಅನೇಕರಿದ್ದಾರೆ. ಅಗ್ರಹಾರದ ಪಾಠಶಾಲೆಗಳಿಂದ ಕೂಲಿಮಠಗಳವರೆಗೆ, ಅಲ್ಲಿಂದ ಇಂದಿನ ಪ್ರೌಢಶಾಲೆಗಳವರೆಗೆ ಎಳೆಯರಿಗೆ ಅಕ್ಷರ ಕಲಿಸಿದ ಬಗೆಯನ್ನು ವಿದ್ವಾಂಸರು ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಆದರೆ ಮೀಸೆ ಬಂದ ಮೇಲೆ, ಸಂಸಾರದ ನೊಗಕ್ಕೆ ಹೆಗಲು ಕೊಟ್ಟ ಮೇಲೆ, ಇದ್ದ ಕಸುಬು ಕೈಬಿಟ್ಟುಹೋಗಿ ಹೊಸದೊಂದನ್ನು ಅರಸಬೇಕಾದವರಿಗೆ ಯಾರು ದಾರಿ ತೋರಿಸಿದರು, ಏನನ್ನು ಕಲಿಸಿದರು, ಯಾವ ಭಾಷೆಯಲ್ಲಿ ಕಲಿಸಿದರು ಎಂಬ ಚರಿತ್ರೆ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ನೀಲಗಿರಿಯ ಕನ್ನಡಿಗರಾದ ನಮಗೆ ಇದು ಕೇವಲ ಹಿಂದಿನ ಕಾಲದ ಮಾತಲ್ಲ. ನಮ್ಮ ಮನೆಗಳಲ್ಲಿ ಇಪ್ಪತ್ತೈದು, ಮೂವತ್ತು, ನಲವತ್ತು ವರ್ಷದವರು ಇಂದಿಗೂ ಈ ಪ್ರಶ್ನೆಯ ಮುಂದೆಯೇ ನಿಂತಿದ್ದಾರೆ. ಆದುದರಿಂದ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಆ ಚರಿತ್ರೆಯ ಕೆಲವು ಪುಟಗಳನ್ನು ತೆರೆದು ನೋಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಸಂಸ್ಕೃತದಲ್ಲಿ ‘ವೃತ್ತಿ’ ಎಂಬ ಶಬ್ದಕ್ಕೆ ನಡತೆ ಎಂದೂ ಜೀವನೋಪಾಯ ಎಂದೂ ಅರ್ಥವುಂಟು. ಸೂತ್ರಗಳಿಗೆ ಬರೆದ ವಿವರಣೆಗೂ ಅದೇ ಹೆಸರು. ನಮ್ಮ ಶಾಸನಗಳಲ್ಲಿಯಾದರೋ ಅಗ್ರಹಾರದ ಮಹಾಜನರಿಗೆ ಹಂಚಿಕೊಟ್ಟ ಭೂಮಿಯ ಪಾಲಿಗೇ ವೃತ್ತಿಯೆಂದು ಹೆಸರು. ಎಂದರೆ, ಹಿಂದಿನವರ ಪಾಲಿಗೆ ವೃತ್ತಿಯೆಂಬುದು ಆರಿಸಿಕೊಳ್ಳುವ ವಸ್ತುವಾಗಿರದೆ, ಹುಟ್ಟಿನೊಡನೆ ಬರುವ ಪಾಲಾಗಿತ್ತು. ಕುಂಬಾರನ ಮಗನಿಗೆ ತಿಗರಿ, ಕಮ್ಮಾರನ ಮಗನಿಗೆ ಕುಲುಮೆ. ತಂದೆಯೇ ಗುರು, ಮನೆಯೇ ಶಾಲೆ. ‘ನಾನು ಯಾವ ಉದ್ಯೋಗಕ್ಕೆ ತಕ್ಕವನು?’ ಎಂಬ ಪ್ರಶ್ನೆ ಹುಟ್ಟಬೇಕಾದರೆ ಒಂದೋ ಹಳೆಯ ಕಸುಬು ಕುಸಿಯಬೇಕು, ಇಲ್ಲವೇ ಹೊಸ ಕಸುಬು ಊರಿಗೆ ಬರಬೇಕು. ನಮ್ಮ ಬೆಟ್ಟದ ನಾಡಿನಲ್ಲಿ ಈ ಎರಡೂ ಎರಡು ನೂರು ವರ್ಷಗಳೊಳಗೆ ಮತ್ತೆ ಮತ್ತೆ ನಡೆದಿವೆ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟವನ್ನೇರಿ ಬಂದಾಗ ಇಲ್ಲಿನ ಬಡಗರು ರಾಗಿ, ಸಾಮೆ ಮೊದಲಾದ ಧಾನ್ಯಗಳನ್ನು ಬೆಳೆಯುತ್ತಿದ್ದರು. ಮೈಸೂರು ಸೀಮೆಯಿಂದ ಬಂದವರೆಂದು ತಮ್ಮ ಪರಂಪರೆಯಲ್ಲಿ ಹೇಳಿಕೊಳ್ಳುವ, ಕನ್ನಡಕ್ಕೆ ಅತಿ ಸಮೀಪವಾದ ನುಡಿಯನ್ನಾಡುವ ಈ ಜನ ಕೆಲವೇ ದಶಕಗಳಲ್ಲಿ ಆಲೂಗೆಡ್ಡೆಯ ಬೇಸಾಯವನ್ನು ಕೈವಶಮಾಡಿಕೊಂಡರು. ಯಾವ ಶಾಲೆಯೂ ಅವರಿಗೆ ಇದನ್ನು ಕಲಿಸಲಿಲ್ಲ. ಆಂಗ್ಲರ ತೋಟಗಳಲ್ಲಿ ದುಡಿದವರು ಕಣ್ಣಿನಲ್ಲಿ ಕಂಡದ್ದನ್ನು ತಮ್ಮ ಹೊಲದಲ್ಲಿ ಮಾಡಿ ನೋಡಿದರು. ಮಣ್ಣನ್ನು ಬಲ್ಲವನಿಗೆ ಹೊಸ ಬೀಜ ಕಷ್ಟವಲ್ಲವಷ್ಟೆ. 1860ರಲ್ಲಿ ದೊಡ್ಡಬೆಟ್ಟದ ಮಗ್ಗುಲಿನಲ್ಲಿ ಸಿಂಕೋನಾ ತೋಟವಾಯಿತು. ನಡುವಟ್ಟದಲ್ಲಿ ಕ್ವಿನೈನ್ ತಯಾರಿಕೆ ಬಂದಿತು. ಆಮೇಲೆ ಚಹಾ ಬೆಟ್ಟವನ್ನೆಲ್ಲ ಹಬ್ಬಿತು. 1908ರಲ್ಲಿ ರೈಲುದಾರಿ ಊಟಿಯವರೆಗೆ ಬಂದಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಅರುವಂಕಾಡಿನಲ್ಲಿ ಕಾರ್ಡೈಟ್ ಮದ್ದಿನ ಕಾರ್ಖಾನೆ ತೆರೆಯಿತು. ಒಂದೊಂದು ಸಲವೂ ಬೆಳೆದ ಜನ ಹೊಸದಾಗಿ ಕಲಿಯಬೇಕಾಯಿತು.

ಈ ನಡುವೆ ಕನ್ನಡಾಕ್ಷರವೂ ಬೆಟ್ಟವನ್ನೇರಿ ಬಂದಿತ್ತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ನಿವೃತ್ತ ಅಧಿಕಾರಿಯಾಗಿದ್ದ ಕ್ಯಾಸಮೇಜರ್ ಎಂಬಾತ 1840ರ ದಶಕದಲ್ಲಿ ಕೇತಿಯಲ್ಲಿ ನೆಲೆಸಿ ಬಡಗರ ಮಕ್ಕಳಿಗೆ ಶಾಲೆಯನ್ನು ತೆರೆದನು. 1846ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಅಲ್ಲಿಗೆ ಬಂದರು. ಅವರು ಮಂಗಳೂರಿನಲ್ಲಿ ಕನ್ನಡವನ್ನು ಕಲಿತವರಾದುದರಿಂದ ಇಲ್ಲಿಯೂ ಕನ್ನಡದ ಪುಸ್ತಕಗಳನ್ನೇ ಬಳಸಿದರು. ಹೀಗೆ ಊಟಿಯಿಂದ ಕೂಗಳತೆಯೆನ್ನಬಹುದಾದ ಕಣಿವೆಯಲ್ಲಿ, ಇಂದಿನ ರಾಜ್ಯಗಳ ಗಡಿಗಳನ್ನು ಯಾರೂ ಕನಸಿನಲ್ಲಿಯೂ ಕಾಣದಿದ್ದ ಕಾಲದಲ್ಲಿ, ಕನ್ನಡದ ಶಾಲೆಗಳು ನಡೆದವು. ಆದರೆ ಅವು ಎಳೆಯರಿಗೆ ಅಕ್ಷರ ಕಲಿಸುವ ಶಾಲೆಗಳು. ಇದೇ ಮಿಷನ್ನಿನವರು ವಯಸ್ಕರಿಗಾಗಿ ಏನು ಮಾಡಿದರೆಂಬುದನ್ನು ಅರಿಯಬೇಕಾದರೆ ನಾವು ಘಟ್ಟವನ್ನಿಳಿದು ಅವರ ಮೂಲಸ್ಥಾನವಾಗಿದ್ದ ಮಂಗಳೂರಿಗೆ ಹೋಗಬೇಕು.

1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರಿಗೆ ಕೆಲವೇ ವರ್ಷಗಳಲ್ಲಿ ಒಂದು ದೊಡ್ಡ ತೊಡಕು ಎದುರಾಯಿತು. ಹೊಸ ಮತವನ್ನು ಸೇರಿದವನು ಜಾತಿಯ ಆಶ್ರಯವನ್ನು ಕಳೆದುಕೊಳ್ಳುತ್ತಿದ್ದನು. ಗೇಣಿಯ ಭೂಮಿಯೂ ಅನೇಕ ವೇಳೆ ಕೈಬಿಡುತ್ತಿತ್ತು. ಶೇಂದಿ ಇಳಿಸುವ ಬಿಲ್ಲವರಲ್ಲಿ ಅನೇಕರು ಮತಾಂತರಗೊಂಡಿದ್ದರು. ಆ ಕಸುಬನ್ನು ಮಿಷನ್ನು ಒಪ್ಪುತ್ತಿರಲಿಲ್ಲ. ಹೆಂಡತಿ ಮಕ್ಕಳುಳ್ಳ ಗಂಡಸು ಒಂದು ಬೆಳಗ್ಗೆ ಎದ್ದು ನೋಡುವಾಗ ಅವನ ಕಸುಬೇ ಇಲ್ಲವಾಗಿರುತ್ತಿತ್ತು. ಮತಾಂತರದ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ಇಲ್ಲಿ ನಮಗೆ ಮುಖ್ಯವಾದುದು ಬೇರೆ. ಕಸುಬು ಕಳೆದುಕೊಂಡ ವಯಸ್ಕನಿಗೆ ಇನ್ನೊಂದನ್ನು ಹುಡುಕಿಕೊಡುವ ಹೊಣೆಯನ್ನು ಒಂದು ಸಂಸ್ಥೆ ಕನ್ನಡ ಜಿಲ್ಲೆಯೊಂದರಲ್ಲಿ ವ್ಯವಸ್ಥಿತವಾಗಿ ಹೊತ್ತ ಮೊದಲ ಪ್ರಸಂಗಗಳಲ್ಲಿ ಇದೊಂದು.

ಅವರ ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ಗಡಿಯಾರದ ಕೆಲಸವನ್ನು ಕಲಿಸಹೊರಟದ್ದು ನಿಲ್ಲಲಿಲ್ಲ. ಆ ಕಾಲದ ಮಂಗಳೂರಿನಲ್ಲಿ ಗಡಿಯಾರವಿದ್ದ ಮನೆಗಳಾದರೂ ಎಷ್ಟಿದ್ದಾವು? ನಿಂತು ಬೆಳೆದವು ಮುದ್ರಣ, ನೇಯ್ಗೆ ಮತ್ತು ಹೆಂಚು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವಾಯಿತು. ನೇಯ್ಗೆಯನ್ನು ಬಲ್ಲ ಹಾಲರ್ 1851ರಲ್ಲಿ ಬಂದು, ಯುರೋಪಿನ ಮಗ್ಗಗಳನ್ನು ಹೂಡಿ, ಇಲ್ಲಿಯ ಜನಕ್ಕೆ ಅದನ್ನು ಅಭ್ಯಾಸ ಮಾಡಿಸಿದನು. ಖಾಕಿ ಬಣ್ಣವನ್ನು ಬಟ್ಟೆಗೆ ಹಾಕಿದ ಕೀರ್ತಿಯೂ ಅವನಿಗೆ ಸಲ್ಲುತ್ತದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ನೇತ್ರಾವತಿಯ ಸೀಮೆಯ ಜೇಡಿಮಣ್ಣಿನಿಂದ ಹೆಂಚನ್ನು ಮಾಡುವ ಕಾರ್ಖಾನೆಯನ್ನು ಜೆಪ್ಪಿನಲ್ಲಿ ತೆರೆದನು. ಮಣ್ಣು ಊರಿನದು, ಸುಡುವ ಸೌದೆ ಊರಿನದು, ಮುಳಿಹುಲ್ಲಿನ ಮಾಡಿನಡಿ ಮಳೆಗಾಲ ಕಳೆಯುತ್ತಿದ್ದ ಊರಿಗೆ ಹೆಂಚಿನ ಅಗತ್ಯವೂ ಇತ್ತು. ಅದರಿಂದಲೇ ಅದು ಗೆದ್ದಿತು. 1868ರಲ್ಲಿ ಆಲ್ಬುಕರ್ಕ್ ಮನೆತನದವರು ತಮ್ಮದೇ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಕ್ರಮೇಣ ನದಿಯ ದಡಗಳಲ್ಲಿ ಹೊಗೆಗೂಡುಗಳ ಸಾಲೇ ಎದ್ದಿತು. ಕಲಿತ ಕೈಗೆ ಕಲಿಸಿದವನ ಬಾಗಿಲೊಂದೇ ಗತಿಯೆಂಬ ಸ್ಥಿತಿ ಹೋಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಬೇರೆ ಆಡಳಿತಕ್ಕೆ ಒಪ್ಪಿಸಿದರೂ ಮಂಗಳೂರಿನ ಹೆಂಚಿನ ಕೆಲಸಗಾರನ ಕೈಯಲ್ಲಿದ್ದ ವಿದ್ಯೆಯನ್ನು ಯಾರೂ ವಶಪಡಿಸಿಕೊಳ್ಳುವಂತಿರಲಿಲ್ಲ.

ಹಳೆಯ ಮೈಸೂರಿನಲ್ಲಿ ಈ ಕಾರ್ಯವನ್ನು ಕೈಗೆತ್ತಿಕೊಂಡದ್ದು ಸರ್ಕಾರವೇ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಹೆಬ್ಬಾಳದ ವ್ಯವಸಾಯ ಶಾಲೆ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮೊದಲಾದವು ತಲೆಯೆತ್ತಿದವು. ಅವುಗಳ ವಿಷಯ ಎಲ್ಲರಿಗೂ ತಿಳಿದದ್ದೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರರ ಹೆಸರಿನ ವೃತ್ತಿಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ವಿನಿಯೋಗಿಸಿದರೆಂಬುದನ್ನು ಮಾತ್ರ ಇಲ್ಲಿ ಸ್ಮರಿಸಿ ಮುಂದೆ ಹೋಗುತ್ತೇನೆ.

ಮುಂದೆ ಹೋಗುವುದೆಂದರೆ ನಂಜನಗೂಡಿಗೆ. ಮೈಸೂರಿನಿಂದ ಊಟಿಗೆ ಬರುವ ಪ್ರತಿಯೊಂದು ಮೋಟಾರು ಗಾಡಿಯೂ ಆ ಊರನ್ನು ಹಾದು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಮಸಿನಗುಡಿಯಿಂದಲೋ ಗೂಡಲೂರಿನಿಂದಲೋ ಬೆಟ್ಟವನ್ನೇರುತ್ತದೆ. ಶ್ರೀಕಂಠೇಶ್ವರನ ಗೋಪುರಕ್ಕೆ ಕೈಮುಗಿಯುವ ನಮ್ಮವರಲ್ಲಿ, ಅದೇ ಊರಿನಲ್ಲಿ 1947ರಲ್ಲಿ ವಯಸ್ಕರಿಗಾಗಿ ಒಂದು ವಿದ್ಯಾಪೀಠ ಹುಟ್ಟಿತೆಂಬುದನ್ನು ಬಲ್ಲವರು ವಿರಳ. 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಗಳ ಉತ್ಸಾಹದಿಂದ ಮೊದಲಾದ ಸಾಕ್ಷರತಾ ಪ್ರಚಾರ ಬೆಳೆದು ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಯಿತು. ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನೂ, ‘ಪುಸ್ತಕ ಪ್ರಪಂಚ’ವೆಂಬ ಮಾಸಪತ್ರಿಕೆಯನ್ನೂ, ದಪ್ಪಕ್ಷರದ ಸಣ್ಣ ಸಣ್ಣ ಪುಸ್ತಕಗಳನ್ನೂ ಆ ಸಮಿತಿ ಹೊರತಂದಿತು. ಆದರೆ ರಾತ್ರಿಯ ತರಗತಿಯಲ್ಲಿ ಲಾಂದ್ರದ ಬೆಳಕಿನಲ್ಲಿ ‘ಅರಸ’, ‘ಆನೆ’ ಎಂದು ಓದಿದ ರೈತ ಮರುದಿನ ಬೆಳಗ್ಗೆ ಮತ್ತೆ ಅದೇ ಸಾಲದ ಹೊಲಕ್ಕೇ ಹೋಗಬೇಕಲ್ಲವೆ? ಅಕ್ಷರದಿಂದ ಅನ್ನಕ್ಕೆ ಸೇತುವೆಯೊಂದು ಬೇಕೆಂಬುದು ಸಮಿತಿಗೆ ಮನವರಿಕೆಯಾಯಿತು. ಹಳ್ಳಿಯ ತರುಣರು ಒಂದೆಡೆ ಸೇರಿ ವಾಸಮಾಡಿ, ಬೇಸಾಯ, ಗೃಹಕೈಗಾರಿಕೆ, ಪೌರಧರ್ಮ ಇವುಗಳನ್ನು ಕನ್ನಡದಲ್ಲಿಯೇ ಕಲಿತು ತಮ್ಮ ಊರಿಗೆ ಮರಳುವ ವಿದ್ಯಾಪೀಠಗಳ ಯೋಜನೆ ಹುಟ್ಟಿದ್ದು ಹೀಗೆ. ಮೊದಲನೆಯದು ನಂಜನಗೂಡಿನದು.

ಈ ಯೋಜನೆಯ ಮಾದರಿ ಬಂದದ್ದು ದೂರದ ಡೆನ್ಮಾರ್ಕಿನಿಂದ. ಆ ದೇಶದ ಕಥೆಯನ್ನು ನಾನು ಇಲ್ಲಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಏಕೆಂದರೆ ಅದು ಗಡಿನಾಡಿನ ಕಥೆ.

ಗ್ರುಂಟ್ವಿಗ್ ಎಂಬ ಪಾದ್ರಿ-ಕವಿಯ ಆಲೋಚನೆಯಂತೆ 1844ರಲ್ಲಿ ರ‍್ಯೋಡಿಂಗ್ ಎಂಬ ಊರಿನಲ್ಲಿ ಮೊದಲ ಜನತಾ ಪ್ರೌಢವಿದ್ಯಾಲಯ ತೆರೆಯಿತು. ಆ ಊರಿದ್ದುದು ಡೇನಿಷ್ ಮತ್ತು ಜರ್ಮನ್ ನುಡಿಗಳು ಒಂದರ ಮೇಲೊಂದು ಒತ್ತಿ ನಿಂತಿದ್ದ ಷ್ಲೆಸ್ವಿಗ್ ಪ್ರಾಂತದಲ್ಲಿ. ರೈತರ ಮಕ್ಕಳು, ಹದಿನೆಂಟು ದಾಟಿದವರು, ತಮ್ಮ ನುಡಿಯಲ್ಲಿ ತಮ್ಮ ನಾಡಿನ ಚರಿತ್ರೆಯನ್ನೂ ಬದುಕಿನ ಉಪಾಯಗಳನ್ನೂ ಕಲಿಯಬೇಕೆಂಬುದೇ ಅದರ ಗುರಿ. ಅಲ್ಲಿ ಪರೀಕ್ಷೆಯಿರಲಿಲ್ಲ, ಪ್ರಶಸ್ತಿಪತ್ರವಿರಲಿಲ್ಲ. ಇಂಥ ಶಾಲೆಗಳು ಹೊಲದ ಕೆಲಸವಿಲ್ಲದ ಚಳಿಗಾಲದ ತಿಂಗಳುಗಳನ್ನೇ ಪಾಠಕ್ಕೆ ಬಳಸಿಕೊಂಡವು. (ಪರೀಕ್ಷೆಯಿಲ್ಲದ ಶಾಲೆಯೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಸ್ವರ್ಗವೇ ಕೈಗೆ ಬಂದಂತೆ, ಆದರೆ ಉಪಾಧ್ಯಾಯರಿಗೆ ಅದು ಕಠಿಣತರವಾದ ಕೆಲಸ, ಪರೀಕ್ಷೆಯ ಹೆದರಿಕೆಯಿಲ್ಲದವನನ್ನು ಪಾಠದ ರುಚಿಯಿಂದಲೇ ಹಿಡಿದಿಡಬೇಕಾಗುತ್ತದೆ.) 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಷ್ಲೆಸ್ವಿಗ್ ಅನ್ಯರ ಪಾಲಾಯಿತು. ಶಾಲೆಯಿದ್ದ ಊರೇ ಗಡಿಯ ಆಚೆಗೆ ಉಳಿಯಿತು. ಉಪಾಧ್ಯಾಯರು ಧೃತಿಗೆಡಲಿಲ್ಲ. ಮರುವರ್ಷವೇ ಹೊಸ ಗಡಿಯ ಈಚೆಗಿದ್ದ ಆಸ್ಕೋ ಎಂಬ ಊರಿನಲ್ಲಿ ಶಾಲೆಯನ್ನು ಮತ್ತೆ ಹೂಡಿದರು. ರ‍್ಯೋಡಿಂಗ್ ಸೀಮೆ ಜನಮತದಿಂದ ಡೆನ್ಮಾರ್ಕಿಗೆ ಮರಳಿದ್ದು 1920ರಲ್ಲಿ.

ಇಷ್ಟೇ ಆಗಿದ್ದರೆ ಇದು ಭಾಷಾಭಿಮಾನದ ಕಥೆಯಾಗಿ ಉಳಿಯುತ್ತಿತ್ತು. ಮುಂದೆ ನಡೆದದ್ದು ಹೆಚ್ಚಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಿಂದಲೂ ರಷ್ಯದಿಂದಲೂ ಅಗ್ಗದ ಗೋಧಿ ಯುರೋಪಿಗೆ ಹರಿದುಬಂದಾಗ, ಧಾನ್ಯ ಬೆಳೆದು ಮಾರುತ್ತಿದ್ದ ಡೇನಿಷ್ ರೈತನ ಬದುಕು ನೆಲಕಚ್ಚುವಂತಾಯಿತು. ಆಗ ಅವನು ಕಸುಬನ್ನೇ ಬದಲಾಯಿಸಿದನು. ಧಾನ್ಯವನ್ನು ಬಿಟ್ಟು ಹಾಲು ಬೆಣ್ಣೆಗೆ ತಿರುಗಿದನು. 1882ರಲ್ಲಿ ಹ್ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಹಕಾರಿ ಹಾಲಿನ ಕೇಂದ್ರ ತೆರೆಯಿತು. ಕೆಲವೇ ವರ್ಷಗಳಲ್ಲಿ ಅಂಥವು ನೂರಾರಾದವು. ಅವುಗಳನ್ನು ಕಟ್ಟಿ ನಡೆಸಿದವರಲ್ಲಿ ಅನೇಕರು ಈ ಜನತಾ ವಿದ್ಯಾಲಯಗಳಲ್ಲಿ ಕುಳಿತೆದ್ದವರು. ಬೆಣ್ಣೆ ತೆಗೆಯುವ ಯಂತ್ರವನ್ನು ಅಲ್ಲಿ ಅವರಿಗೆ ಕಲಿಸಿರಲಿಲ್ಲ. ತಮ್ಮ ಮಾತಿನಲ್ಲಿ ವಿಷಯವನ್ನು ತಿಳಿಯುವುದನ್ನೂ, ಹತ್ತು ಜನರೊಡನೆ ಕುಳಿತು ಲೆಕ್ಕವಿಟ್ಟು ನಂಬಿಕೆಯಿಂದ ವ್ಯವಹರಿಸುವುದನ್ನೂ ಕಲಿಸಿದ್ದರು. ಹೊಸ ಕಸುಬಿಗೆ ಅದೇ ಆಧಾರವಾಯಿತು.

ನಂಜನಗೂಡಿನ ವಿದ್ಯಾಪೀಠವೂ ಅದರ ತರುವಾಯ ಮೈಸೂರು ಸೀಮೆಯ ಬೇರೆ ಬೇರೆ ಊರುಗಳಲ್ಲಿ ಹುಟ್ಟಿದ ವಿದ್ಯಾಪೀಠಗಳೂ ಡೆನ್ಮಾರ್ಕಿನಷ್ಟು ಫಲವನ್ನು ಕೊಡಲಿಲ್ಲವೆಂಬುದು ನನ್ನ ಅಭಿಪ್ರಾಯ. ಪದವಿ, ಪ್ರಮಾಣಪತ್ರಗಳಿಗೆ ನಮ್ಮಲ್ಲಿ ಇರುವ ಬೆಲೆ ಅವುಗಳ ಕಾಲಿಗೆ ತೊಡಕಾಗಿರಬೇಕು: ಸರ್ಟಿಫಿಕೇಟು ಕೊಡದ ವಿದ್ಯೆಗೆ ಮಗನನ್ನು ಕಳುಹಿಸುವ ತಂದೆ ನಮ್ಮಲ್ಲಿ ಎಲ್ಲಿದ್ದಾನೆ? ಆದರೂ ಕನ್ನಡದಲ್ಲಿ ಬೆಳೆದವರಿಗೆ ಬದುಕಿನ ವಿದ್ಯೆಯನ್ನು ಕಲಿಸಬಹುದೆಂದು ತೋರಿಸಿಕೊಟ್ಟ ಅವುಗಳ ಉಪಕಾರ ಸಣ್ಣದಲ್ಲ.

ಡೆನ್ಮಾರ್ಕಿನ ರೈತರಂತೆಯೇ ಕೂಡಿ ವ್ಯವಹರಿಸುವ ವಿದ್ಯೆಯನ್ನು ನಮ್ಮ ನೀಲಗಿರಿಯವರೂ ಕಲಿತರು. ಇಲ್ಲಿಯ ಆಲೂಗೆಡ್ಡೆ ಮೇಟ್ಟುಪಾಳಯದ ಮಂಡಿಗೆ ಇಳಿಯುತ್ತಿತ್ತು. ಅಲ್ಲಿ ದಲ್ಲಾಳಿ ಹೇಳಿದ್ದೇ ತೂಕ, ಕೊಟ್ಟದ್ದೇ ಬೆಲೆ. ಬಡಗರ ನಾಯಕರಾಗಿದ್ದ ರಾವ್ ಬಹದ್ದೂರ್ ಎಚ್. ಬಿ. ಅರಿಗೌಡರ ಮುಂದಾಳುತನದಲ್ಲಿ 1935ರಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘ ರೂಪುಗೊಂಡಿತು. ರೈತ ತನ್ನ ಸರಕನ್ನು ತಾನೇ ವಿಂಗಡಿಸಿ, ಹರಾಜಿಗಿಟ್ಟು, ರಸೀದಿ ಪಡೆದು, ಲೆಕ್ಕ ಕೇಳುವುದನ್ನು ಅಲ್ಲಿ ಕಲಿತನು. ಅರಿಗೌಡರು 1933ರಲ್ಲಿ ಹಂಗರಿಯಲ್ಲಿ ನಡೆದ ಬಾಲಚರರ ವಿಶ್ವ ಮೇಳಕ್ಕೆ ಭಾರತದ ತಂಡದ ನಾಯಕರಾಗಿ ಹೋಗಿಬಂದವರು. ಲೋಕವನ್ನು ಕಂಡು ಬಂದವರು ಊರಿನ ಮಂಡಿಯ ತಕ್ಕಡಿಯತ್ತ ಕಣ್ಣು ಹಾಯಿಸಿದರೆಂಬುದು ನನಗೆ ಮೆಚ್ಚಿಕೆಯಾದ ಸಂಗತಿ.

ಇನ್ನು ಉದ್ಯೋಗ ವಿನಿಮಯ ಕೇಂದ್ರಗಳ ವಿಷಯ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಸೇನೆಯಿಂದ ಬಿಡುಗಡೆಯಾಗಿ ಬಂದ ಲಕ್ಷಾಂತರ ಜನರಿಗೆ ಕೆಲಸ ಹುಡುಕಿಕೊಡುವುದಕ್ಕಾಗಿ ಭಾರತ ಸರ್ಕಾರ ಪುನರ್ವಸತಿ ಮತ್ತು ಉದ್ಯೋಗದ ನಿರ್ದೇಶನಾಲಯವನ್ನು ಸ್ಥಾಪಿಸಿತು. ಬಂದೂಕು ಹಿಡಿದ ಕೈಗೆ ಯಾವ ಕೆಲಸ ಒಗ್ಗೀತು, ಲಾರಿ ನಡೆಸಿದವನಿಗೆ ಯಾವ ಕಾರ್ಖಾನೆ ತಕ್ಕುದು ಎಂದು ವಿಚಾರಿಸಿ ದಾಖಲೆಮಾಡುವ ಕಚೇರಿಗಳು ದೇಶದಲ್ಲಿ ಹೀಗೆ ಹಬ್ಬಿದವು. ವೆಲ್ಲಿಂಗ್ಟನ್ನಿನಂಥ ದಂಡಿನ ಊರನ್ನು ಮಡಿಲಲ್ಲಿಟ್ಟುಕೊಂಡಿರುವ ನಮ್ಮ ಜಿಲ್ಲೆಗೆ ಇಂಥ ಏರ್ಪಾಡಿನ ಬೆಲೆ ಹೊಸದಾಗಿ ಹೇಳಬೇಕಾದುದಲ್ಲ. ಮುಂದೆ 1959ರಲ್ಲಿ, ಖಾಲಿ ಇರುವ ಹುದ್ದೆಗಳನ್ನು ಈ ಕೇಂದ್ರಗಳಿಗೆ ತಿಳಿಸಲೇಬೇಕೆಂಬ ಕಾನೂನಾಯಿತು. 1961ರಲ್ಲಿ ಅಪ್ರೆಂಟಿಸರ ಕಾಯಿದೆ ಬಂದಿತು.

ಇಲ್ಲಿ ಒಂದು ದಿನಾಂಕವನ್ನು ವಾಚಕರು ಗಮನಿಸಬೇಕು. ಉದ್ಯೋಗ ವಿನಿಮಯ ಕೇಂದ್ರಗಳ ದಿನನಿತ್ಯದ ಆಡಳಿತವನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ವಹಿಸಿಕೊಟ್ಟದ್ದು 1956ನೆಯ ನವೆಂಬರ್ 1ರಂದು. ಅದೇ ದಿನ ಭಾಷಾವಾರು ರಾಜ್ಯಗಳು ಹುಟ್ಟಿದವು. ಕನ್ನಡ ನಾಡು ಒಂದಾಯಿತು. ಕಾಸರಗೋಡು ಕೇರಳಕ್ಕೆ ಸೇರಿತು. ನೀಲಗಿರಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದೇ ವರ್ಷ ಮದರಾಸು ಶಾಸನಸಭೆ ತಮಿಳನ್ನು ಆಡಳಿತ ಭಾಷೆಯನ್ನಾಗಿ ಅಂಗೀಕರಿಸಿತು. ಒಂದು ರಾಜ್ಯದ ಜನರ ಭಾಷೆ ಅದರ ಆಡಳಿತದ ಭಾಷೆಯಾಗುವುದು ನ್ಯಾಯವೇ. ನಾವೂ ಕರ್ನಾಟಕದಲ್ಲಿ ಅದನ್ನೇ ಬಯಸಿದೆವು. ಆದರೆ ಗಡಿಯ ಈಚೆಗೆ ಉಳಿದ ಕನ್ನಡಿಗನಿಗೆ ಅಂದಿನಿಂದ ಕೆಲಸ ಹುಡುಕುವ ದಾರಿಯೂ ಕೆಲಸ ಮಾಡುವ ಭಾಷೆಯೂ ಅವನು ಶಾಲೆಯಲ್ಲಿ ಕಲಿತ ಭಾಷೆಯಿಂದ ಬೇರೆಯಾದವು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಮಕ್ಕಳ ಮಾತು. ಆ ಮಕ್ಕಳು ಬೆಳೆದು ಇಪ್ಪತ್ತೈದಾದ ಮೇಲಿನ ಮಾತು ಅದರಲ್ಲಿ ಇಲ್ಲ.

ಹೆಂಗಸರ ವಿಷಯದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಒಂದು ಕೆಲಸವನ್ನು ಹೇಳಲೇಬೇಕು. ದುರ್ಗಾಬಾಯಿ ದೇಶಮುಖರು ಕಟ್ಟಿ ಬೆಳೆಸಿದ ಆ ಮಂಡಳಿ 1958ರಲ್ಲಿ ವಯಸ್ಕ ಸ್ತ್ರೀಯರಿಗೆ ಸಂಕ್ಷಿಪ್ತ ಶಿಕ್ಷಣದ ಯೋಜನೆಯನ್ನು ಆರಂಭಿಸಿತು. ಶಾಲೆಯನ್ನು ನಡುವೆ ಬಿಟ್ಟವರು, ವಿಧವೆಯರು, ಗಂಡನಿಂದ ದೂರವಾದವರು, ಎರಡು ವರ್ಷಗಳಲ್ಲಿ ಹಲವು ತರಗತಿಗಳ ಪಾಠವನ್ನು ಮುಗಿಸಿ ಉಪಾಧ್ಯಾಯಿನಿಯರೋ ದಾದಿಯರೋ ಗ್ರಾಮಸೇವಿಕೆಯರೋ ಆಗುವುದಕ್ಕೆ ಅರ್ಹತೆ ಪಡೆಯುವಂತೆ ಅದನ್ನು ರೂಪಿಸಿದ್ದರು. ಇದರಲ್ಲಿ ಒಂದು ಜಾಣತನವಿದೆ. ಹಳ್ಳಿಗಳಿಗೆ ಕೆಲಸದ ಹೆಂಗಸರು ಬೇಕಾಗಿದ್ದರು, ಹೆಂಗಸರಿಗೆ ಕೆಲಸ ಬೇಕಾಗಿತ್ತು. ಕೊನೆಯಲ್ಲಿರುವ ಹುದ್ದೆಯನ್ನು ಮೊದಲು ಕಂಡುಕೊಂಡು, ಅಲ್ಲಿಂದ ಹಿಂದಕ್ಕೆ ಪಾಠವನ್ನು ಹೆಣೆದರು. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಪಾಠ, ಆಮೇಲೆ ಹುದ್ದೆಯ ಚಿಂತೆ.

ನೀಲಗಿರಿಯಲ್ಲಿ ಸ್ವಾತಂತ್ರ್ಯದ ತರುವಾಯ ನಡೆದ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ಬಯಕೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಇವರ ನಡುವೆ ಒಪ್ಪಂದವಾಗಿ, ಸಿಂಹಳದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದಿದ್ದ ಭಾರತೀಯ ಮೂಲದವರಲ್ಲಿ 5,25,000 ಜನರನ್ನು ಭಾರತ ಸ್ವೀಕರಿಸಲೊಪ್ಪಿತು. ಹಾಗೆ ಬಂದವರಿಗಾಗಿ ಸರ್ಕಾರವೇ ನಮ್ಮ ಜಿಲ್ಲೆಯಲ್ಲಿ ಚಹಾ ತೋಟಗಳನ್ನು ಬೆಳೆಸಿತು. 1976ರಲ್ಲಿ ಅವು ‘ಟಾನ್‌ಟೀ’ ಎಂಬ ನಿಗಮದ ರೂಪವನ್ನು ತಳೆದವು. ಆ ಜನರ ಬವಣೆ ಕಡಮೆಯದಲ್ಲ. ಆದರೂ ಅವರ ಕೈ ಬಲ್ಲ ಕೆಲಸವನ್ನೇ ಅವರಿಗೆ ಒದಗಿಸಲಾಯಿತೆಂಬುದನ್ನು ಒಪ್ಪಬೇಕು.

ಎರಡನೆಯದು ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. 1960ರಲ್ಲಿ ಸ್ಥಾಪಿತವಾದ ಆ ಸಾರ್ವಜನಿಕ ಉದ್ಯಮ, ಧೂಳಿಲ್ಲದ ತಂಪು ಹವೆಗಾಗಿ ಊಟಿಯನ್ನೇ ಆರಿಸಿಕೊಂಡು, 1967ರಲ್ಲಿ ತಯಾರಿಕೆಯನ್ನಾರಂಭಿಸಿತು. ‘ಇಂದು’ ಎಂಬ ಅದರ ಹೆಸರು ದೇಶದ ಛಾಯಾಗ್ರಾಹಕರಿಗೂ, ಕ್ಷಕಿರಣದ ಚಿತ್ರ ತೆಗೆಯುವ ಆಸ್ಪತ್ರೆಗಳಿಗೂ ಪರಿಚಿತವಾಯಿತು. ‘ಇಂದುವಿನಲ್ಲಿ ಕೆಲಸ’ ಎಂದರೆ ಈ ಊರಿನಲ್ಲಿ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಬೆಳಕು ಸೋಕಬಾರದ ಕೋಣೆಗಳಲ್ಲಿ, ಕತ್ತಲೆಯಲ್ಲಿಯೇ, ಫಿಲ್ಮಿಗೆ ಲೇಪವನ್ನು ಹಾಕುವ ಅತಿ ಸೂಕ್ಷ್ಮವಾದ ಕೆಲಸವನ್ನು ನಮ್ಮವರು ಕಲಿತರು. ಆದರೆ ಆ ವಿದ್ಯೆಗೆ ಬೇರೆಡೆ ಬೆಲೆಯಿರಲಿಲ್ಲ. ಫಿಲ್ಮು ಬೇಡದ ಕ್ಯಾಮೆರಾ ಬಂದಿತು, ಉದ್ಯಮ ರೋಗಗ್ರಸ್ತವೆನಿಸಿತು, 2014ರಲ್ಲಿ ಉಳಿದ ನೌಕರರ ಸ್ವಯಂನಿವೃತ್ತಿಗಾಗಿ ಕೇಂದ್ರ ಸಚಿವ ಸಂಪುಟ 181.54 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಹಣ ಕೈಗೆ ಬಂದಿತು. ಆದರೆ ಇಪ್ಪತ್ತು ಮೂವತ್ತು ವರ್ಷ ಕತ್ತಲೆಯ ಕೋಣೆಯಲ್ಲಿ ಕೈ ಪಳಗಿಸಿಕೊಂಡವನು ಐವತ್ತರಲ್ಲಿ ಇನ್ನೇನನ್ನು ಮಾಡಬಲ್ಲನೆಂದು ಅವನೊಡನೆ ಕುಳಿತು ವಿಚಾರಿಸುವ ಕೆಲಸ ಹಣದಿಂದಾಗುವುದಲ್ಲ. ಮಂಗಳೂರಿನ ಹೆಂಚಿನ ಕೆಲಸಗಾರನಿಗೂ ಇವನಿಗೂ ಇರುವ ಅಂತರವನ್ನು ವಾಚಕರೇ ಊಹಿಸಬಹುದು. ತೊಂಬತ್ತರ ದಶಕದ ಕೊನೆಗೆ ಚಹಾದ ಹಸಿರೆಲೆಯ ಬೆಲೆ ಕುಸಿದಾಗಲೂ ಸಣ್ಣ ಬೆಳೆಗಾರರ ಮನೆಗಳಿಂದ ಅನೇಕರು ತಿರುಪ್ಪೂರು, ಕೊಯಮತ್ತೂರು, ಬೆಂಗಳೂರುಗಳ ದಾರಿ ಹಿಡಿದರು.

ವಯಸ್ಕನೊಡನೆ ಕುಳಿತು ವಿಚಾರಿಸುವ ಆ ಕೆಲಸವನ್ನು ಕನ್ನಡ ನೆಲದಲ್ಲಿ ಇತ್ತೀಚೆಗೆ ಚೆನ್ನಾಗಿ ಮಾಡಿ ತೋರಿಸಿದುದು ಉಜಿರೆಯಲ್ಲಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ನೆರವಿನಿಂದ 1982ರಲ್ಲಿ ಅಲ್ಲಿ ‘ರುಡ್‌ಸೆಟಿ’ ಎಂಬ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿದರು. ಕೆಲವು ವಾರಗಳ ಉಚಿತ ವಾಸ, ಊಟ, ತರಬೇತಿ. ಕಲಿಸುವ ಭಾಷೆ ಊರಿನ ಭಾಷೆ. ಹೈನುಗಾರಿಕೆ, ಹೊಲಿಗೆ, ಮೋಟಾರು ದುರಸ್ತಿ ಮೊದಲಾದವುಗಳಲ್ಲಿ ಅಭ್ಯರ್ಥಿಗೆ ಒಗ್ಗುವುದು ಯಾವುದೆಂಬ ವಿಚಾರಣೆ. ಬ್ಯಾಂಕುಗಳೇ ಪಾಲುದಾರರಾದುದರಿಂದ ಸಾಲದ ಬಾಗಿಲೂ ಹತ್ತಿರವಾಯಿತು. ಇವೆಲ್ಲಕ್ಕಿಂತ ದೊಡ್ಡದು, ಊರಿಗೆ ಹೋದವನನ್ನು ಸುಮಾರು ಎರಡು ವರ್ಷ ವಿಚಾರಿಸಿಕೊಳ್ಳುತ್ತಿದ್ದ ಪದ್ಧತಿ. ಅಂಗಡಿ ತೆರೆದನೆ, ತೆರೆದದ್ದು ನಡೆಯುತ್ತಿದೆಯೆ, ಎಲ್ಲಿ ತಡೆಯಿತು ಎಂದು ಕೇಳುವವರಿದ್ದರು. ಈ ಮಾದರಿಯನ್ನು ಕಂಡು ಭಾರತ ಸರ್ಕಾರ 2009ರಲ್ಲಿ ದೇಶದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಇಂಥ ಸಂಸ್ಥೆಯಿರಬೇಕೆಂಬ ಯೋಜನೆಯನ್ನು ಹಮ್ಮಿಕೊಂಡಿತು. 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯ ಹೆಸರಿನಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳನ್ನೂ ವೃತ್ತಿ ಮಾರ್ಗದರ್ಶನದ ಕೇಂದ್ರಗಳನ್ನಾಗಿ ಮಾರ್ಪಡಿಸುವ ಕಾರ್ಯ ಮೊದಲಾಯಿತು.

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ತಮಿಳುನಾಡಿನ ಸರ್ಕಾರಿ ಹುದ್ದೆಗೆ ಮೊದಲು ತಮಿಳು ಬಾರದವನೂ ಅರ್ಜಿ ಹಾಕಬಹುದಾಗಿತ್ತು. ಆಯ್ಕೆಯಾದರೆ ಎರಡು ವರ್ಷಗಳೊಳಗೆ ತಮಿಳಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿತ್ತು. 2021ರ ಡಿಸೆಂಬರಿನಲ್ಲಿ ಹೊರಟ ಆಜ್ಞೆಯಿಂದ ಆ ಕ್ರಮ ಬದಲಾಯಿತು. ನೇಮಕದ ಸ್ಪರ್ಧಾಪರೀಕ್ಷೆಗಳಲ್ಲಿಯೇ ಹತ್ತನೆಯ ತರಗತಿಯ ಮಟ್ಟದ ತಮಿಳು ಪತ್ರಿಕೆ ಕಡ್ಡಾಯವಾಯಿತು. ಅದರಲ್ಲಿ ನೂರಕ್ಕೆ 40 ಅಂಕ ಬಾರದಿದ್ದರೆ ಉಳಿದ ಉತ್ತರಗಳನ್ನು ಪರಿಗಣಿಸುವುದಿಲ್ಲ. ಮೊದಲು ಹುದ್ದೆ, ಆಮೇಲೆ ಭಾಷೆ ಎಂಬುದು ಹೋಗಿ, ಮೊದಲು ಭಾಷೆ, ಆಮೇಲೆ ಹುದ್ದೆ ಎಂದಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಗಣಿತ, ವಿಜ್ಞಾನಗಳಲ್ಲಿ ಜಾಣರೆನಿಸಿದ ನಮ್ಮ ತರುಣ ತರುಣಿಯರಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಾತಿನಲ್ಲಿ ತಮಿಳು ಅವರಿಗೆ ನೀರು ಕುಡಿದಷ್ಟು ಸುಲಭ, ಬರವಣಿಗೆಯಲ್ಲಿಯೇ ತೊಡಕು.

ಕನ್ನಡ ಪಂಡಿತನಾದ ನಾನು ಇದನ್ನು ಹೇಳಿದರೆ ಕೆಲವರಿಗೆ ಅಚ್ಚರಿಯಾದೀತು: ನಮ್ಮ ಸಂಘ ವಯಸ್ಕರಿಗಾಗಿ ಸಾಯಂಕಾಲದಲ್ಲಿ ತಮಿಳಿನ ತರಗತಿಯನ್ನು ನಡೆಸಬೇಕು. ಅದನ್ನು ಕನ್ನಡದ ಮೂಲಕವೇ ನಡೆಸಬೇಕು. ಕನ್ನಡವನ್ನು ಬಿಟ್ಟುಕೊಡುವುದೆಂದು ಇದನ್ನು ಯಾರೂ ಭಾವಿಸಬೇಕಾಗಿಲ್ಲ. ಅನ್ನ ಕೊಡಲಾರದೆಂಬ ಭಯದಿಂದ ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸುವ ತಂದೆತಾಯಿಗಳನ್ನು ನಾನು ವರ್ಷವರ್ಷವೂ ಕಾಣುತ್ತಿದ್ದೇನೆ. ಕನ್ನಡ ಓದಿದವನು ತಮಿಳಿನ ಪತ್ರಿಕೆಯನ್ನೂ ದಾಟಬಲ್ಲನೆಂದು ಕಣ್ಣಾರೆ ಕಂಡರೆ ಆ ಭಯಕ್ಕೆ ಆಧಾರವಿರದು. ಹಾಗೆಯೇ ಬಂದವರ ಹೆಸರು, ವಯಸ್ಸು, ಬಲ್ಲ ಕೆಲಸ, ಬಯಸುವ ಕೆಲಸ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಉಜಿರೆಯವರಂತೆ ಎರಡು ವರ್ಷವಾದರೂ ಅವರನ್ನು ವಿಚಾರಿಸಿಕೊಳ್ಳುವವರೊಬ್ಬರು ಸಂಘದಲ್ಲಿರಬೇಕು. ನಿವೃತ್ತರಾದ ಹಿರಿಯರಿಗೆ ಇದಕ್ಕಿಂತ ತಕ್ಕ ಕೆಲಸ ನನಗೆ ತೋಚದು.

ಪಾಠ ಎಲ್ಲಿಂದ ತೊಡಗಬೇಕೆಂದು ಕೇಳುವವರಿಗೆ ನನ್ನ ಸಲಹೆ, ಹಳಗನ್ನಡದಿಂದ. ನಾವು ಇಂದು ಹಾಲು ಎನ್ನುವುದನ್ನು ಹಳಗನ್ನಡದವರು ‘ಪಾಲ್’ ಎಂದರು, ತಮಿಳರು ಇಂದಿಗೂ ಪಾಲ್ ಎನ್ನುತ್ತಾರೆ. ಹುಲಿ ‘ಪುಲಿ’, ಹೂ ‘ಪೂ’, ಹಲ್ಲು ‘ಪಲ್’. ಕನ್ನಡದ ಬರವಣಿಗೆಯಲ್ಲಿ ಬಿಟ್ಟುಹೋದ ‘ಱ’ ಮತ್ತು ‘ೞ’ ಎಂಬ ಎರಡು ಅಕ್ಷರಗಳು ತಮಿಳಿನಲ್ಲಿ ಇನ್ನೂ ಉಳಿದಿವೆ. ಏೞು ಎಂಬಲ್ಲಿ ಅದನ್ನು ತೋರಿಸಬಹುದು. ಕ, ಖ, ಗ, ಘ ಎಂಬ ನಮ್ಮ ನಾಲ್ಕಕ್ಕೆ ಅಲ್ಲಿ ಒಂದೇ ಲಿಪಿ. ಪದದ ಮೊದಲಲ್ಲಿ ಬಂದರೆ ಒಂದು ಉಚ್ಚಾರಣೆ, ನಡುವೆ ಬಂದರೆ ಇನ್ನೊಂದು. ಈ ಮೂರು ಸಂಗತಿಗಳನ್ನು ಮೊದಲ ವಾರದಲ್ಲಿ ತಿಳಿಸಿ, ಎರಡನೆಯ ವಾರ ಊರಿನ ಬಸ್ಸುಗಳ ಹಲಗೆಗಳನ್ನೂ ಪಡಿತರದ ಅಂಗಡಿಯ ಪ್ರಕಟಣೆಗಳನ್ನೂ ಓದಿಸಿ, ಆಮೇಲೆ ಹತ್ತನೆಯ ತರಗತಿಯ ಪಠ್ಯಪುಸ್ತಕವನ್ನು ಕೈಗೆ ಕೊಡಬಹುದು.